ಕೊಳವೆಯ ಬಾಯಿಗೆ ತಾಕಿದ ಕಾಗದ

ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಪಾತ್ರೆಯನ್ನು ನೇರವಾಗಿ ಹೆಂಡತಿಯ ಮೂಗಿಗೆ ಹಿಡಿಯುವಷ್ಟು ದಡ್ಡನಾಗಿರಲಿಲ್ಲ ಕೊಟ್ರೇಶ. ಪಾತ್ರೆಯನ್ನು ಒಲೆಯ ಮೇಲಿಟ್ಟು, ‘ಶೋಭಾ, ಸ್ವಲ್ಪ ಬಾ ಇಲ್ಲಿ, ಈ ಬರ್ನರ್ ಸರಿಯಾಗಿ ಉರೀತಿಲ್ಲ’ ಎಂದು ಕರೆದು, ಅವಳು ಬಗ್ಗಿ ನೋಡುವಾಗ ಅವಳ ಮೂಗಿನ ಹೊಳ್ಳೆಗಳನ್ನೇ ನೋಡುತ್ತಿದ್ದ. ಹೊಳ್ಳೆ ಅಲುಗದಿದ್ದರೆ ಹಾಲು ಸರಿಯಿದೆ. ಎಡಗಡೆಯದು ಮಾತ್ರ ಸ್ವಲ್ಪ ಮೇಲೆದ್ದರೆ ಹುಳಿ. ಎರಡೂ ಎದ್ದು ಹುಬ್ಬು ಗಂಟಿಕ್ಕಿದರೆ ಆ ದಿನ ಕಾಫಿ ಇಲ್ಲ. ಈ ವಿದ್ಯೆಯನ್ನು ಅವನು ನಾಲ್ಕು ವರ್ಷಗಳಲ್ಲಿ ಕಷ್ಟಪಟ್ಟು ಕಲಿತಿದ್ದ. ‘ಚೆನ್ನಾಗೇ ಉರೀತಿದೆಯಲ್ರೀ. ದಿನಾ ಬೆಳಗಾದ್ರೆ ನಿಮ್ದೊಂದು ಬರ್ನರ್’ ಎಂದು ಶೋಭಾರಾಣಿ ಗಾರ್ಮೆಂಟ್ ಕಾರ್ಖಾನೆಯ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಬಾಗಿಲ ಕಡೆ ಹೊರಟಳು. ಹೊಳ್ಳೆ ಅಲುಗಿರಲಿಲ್ಲ. ಅವನು ನೆಮ್ಮದಿಯಿಂದ ಕಾಫಿ ಬೆರೆಸಿಕೊಂಡ. ಕಾಫಿ ಎಂದರೆ ಅವನಿಗೆ ಈಗ ಬಿಸಿ, ಕಹಿ, ಮತ್ತು ನೆನಪು. ಮೂರನೆಯದು ಕೂಡ ಇತ್ತೀಚೆಗೆ ತೆಳುವಾಗುತ್ತಿತ್ತು.

ಮೂಗು ಹೋದದ್ದು ಕೊರೋನಾದ ಎರಡನೆಯ ಅಲೆಯಲ್ಲಿ. ಎಲ್ಲರಿಗೂ ಹೋಗಿತ್ತು, ಎಲ್ಲರಿಗೂ ಬಂತು. ಇವನದು ಹೋದದ್ದು ಹೋಯಿತು. ಆಗ ಅವನ ಕೆಲಸದ ಯಜಮಾನರಾದ ರಾಮಪ್ರಸಾದರು ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದರು. ಸರ್ಕಾರಿ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತೆಂಟು ವರ್ಷ ದುಡಿದು, ನಿವೃತ್ತರಾದ ಮೇಲೆ ಪೀಣ್ಯದ ಎರಡನೆಯ ಹಂತದಲ್ಲಿ ಒಂದು ಪುಟ್ಟ ಪರೀಕ್ಷಾಲಯ ತೆರೆದು ಕೂತಿದ್ದ ಮನುಷ್ಯ. ‘ಜ್ವರ ಹೋದ್ರೆ ಸಾಲದಯ್ಯ, ವಾಸನೆ ಬಂತಾ? ಬಂದ್ಮೇಲೆ ಬಾ. ಮೂಗಿಲ್ಲದ ಕೆಮಿಸ್ಟನ್ನ ಇಟ್ಕೊಂಡು ನಾನೇನು ಮಾಡ್ಲಿ’ ಎಂದು ನಗುತ್ತಿದ್ದರು. ಇಪ್ಪತ್ತೆರಡು ದಿನ ಅವನು ಇಂಗಿನ ಡಬ್ಬಿ, ಕರ್ಪೂರ, ಸೀಮೆಎಣ್ಣೆ, ತನ್ನದೇ ಒಗೆಯದ ಕಾಲುಚೀಲ ಎಲ್ಲವನ್ನೂ ಮುಖಕ್ಕೆ ಒತ್ತಿಕೊಂಡು ಕೂತಿದ್ದ. ಕರ್ಪೂರ ತಣ್ಣಗಿತ್ತು. ಉಳಿದವು ಏನೂ ಆಗಿರಲಿಲ್ಲ. ಇಪ್ಪತ್ತಮೂರನೆಯ ದಿನ ಫೋನಿನಲ್ಲಿ, ‘ಬಂತು ಸಾರ್’ ಎಂದ. ‘ಮೊದ್ಲು ಯಾವುದು ಗೊತ್ತಾಯ್ತು?’ ಎಂದು ಅವರು ಮಗುವಿನ ಹಾಗೆ ಕೇಳಿದರು. ‘ಇಂಗು ಸಾರ್.’ ಆ ಇಂಗು ಎಂಬ ವಿವರ ಅವರಿಗೆ ಎಷ್ಟು ಹಿಡಿಸಿತೆಂದರೆ ಈಗಲೂ ಹೊಸ ಗಿರಾಕಿಗಳು ಬಂದಾಗ ಹೇಳುತ್ತಾರೆ, ‘ನಮ್ಮ ಕೊಟ್ರೇಶನ ಮೂಗಿದೆಯಲ್ಲ, ಇಂಗಿನಿಂದ ಮತ್ತೆ ಶುರುವಾದ ಮೂಗು.’ ಆಗೆಲ್ಲ ಕೊಟ್ರೇಶ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾನೆ. ಸುಳ್ಳು ಹೇಳಿದ್ದಕ್ಕಿಂತ, ಅದಕ್ಕೆ ಒಂದು ಒಗ್ಗರಣೆಯನ್ನೂ ಕೊಟ್ಟೆನಲ್ಲ ಎಂಬುದೇ ಅವನನ್ನು ಹೆಚ್ಚು ಚುಚ್ಚುತ್ತಿತ್ತು.

ಮೆಟ್ಟಿಲಿಳಿಯುವಾಗ ಕೆಳಗಿನ ಜಿಮ್ಮಿನಲ್ಲಿ ಕಬ್ಬಿಣ ಕಬ್ಬಿಣಕ್ಕೆ ತಾಗುವ ಸದ್ದು. ದಾಸರಹಳ್ಳಿಯ ಈ ನಾಲ್ಕು ಅಂತಸ್ತಿನ ಕಟ್ಟಡಕ್ಕೆ ಗೋಪಾಲಪ್ಪ ಬಿಲ್ಡಿಂಗ್ ಎಂದು ಹೆಸರು. ಗೋಪಾಲಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಹದಿನಾಲ್ಕು ಬಾಡಿಗೆ ಮನೆಗಳಿದ್ದವು. ಅವನ ದನದ ಕೊಟ್ಟಿಗೆ ಇದ್ದ ಮೂಲೆಯಲ್ಲಿ ಮಗ ದೀಪು ಜಿಮ್ ಇಟ್ಟಿದ್ದ. ಜಿಮ್ಮಿನ ಗೋಡೆಯ ಮೇಲೆ ಗೋಪಾಲಪ್ಪನ ಫೋಟೊ, ಅದರ ಪಕ್ಕದಲ್ಲೇ ಪ್ಲಾಸ್ಟಿಕ್ ಹೊದಿಸಿದ ಒಂದು ಪ್ರಮಾಣಪತ್ರ. ದೀಪು ಅಮೈನೊ ಆಮ್ಲದ ಪುಡಿಯನ್ನು, ಗ್ಲುಟಮಿನ್ ಎಂದು ಕರೆಯುವುದನ್ನು, ಕಿತ್ತಳೆ ಬಣ್ಣ ಕಿತ್ತಳೆ ರುಚಿ ಸೇರಿಸಿದ್ದನ್ನು, ದೊಡ್ಡ ಡ್ರಮ್ಮುಗಳಲ್ಲಿ ಯಾರಿಂದಲೋ ತರಿಸಿ, ತನ್ನ ಫೋಟೊ ಇರುವ ಡಬ್ಬಿಗಳಿಗೆ ತುಂಬಿ ಹುಡುಗರಿಗೆ ಕೊಡುತ್ತಿದ್ದ. ಡ್ರಮ್ಮು ಬಂದಾಗಲೆಲ್ಲ ಒಂದು ಚಮಚ ಕೊಟ್ರೇಶನ ಲ್ಯಾಬಿಗೆ. ಲ್ಯಾಬಿನಿಂದ ಒಂದು ಹಾಳೆ ಗೋಡೆಗೆ. ಆಯುಧಪೂಜೆಯ ದಿನ ಡಂಬೆಲ್ಲುಗಳಿಗೆ ಕುಂಕುಮ ಹಚ್ಚುವಾಗ ದೀಪು ಆ ಹಾಳೆಗೂ ಒಂದು ಮೊಳ ಮಲ್ಲಿಗೆ ಹಾಕಿದ್ದ. ಕುಂಕುಮ ಸರಿಯಾಗಿ ಕೊಟ್ರೇಶನ ಸಹಿಯ ಮೇಲೆ ಬಿದ್ದಿತ್ತು.

‘ಅಣ್ಣ, ಒಂದ್ನಿಮಿಷ ಬಾ ಗುರು. ಅಮ್ಮ ನಿನ್ನೆ ಡಿಸ್ಚಾರ್ಜ್ ಆದ್ಲು. ನಿನ್ನ ನೋಡ್ಬೇಕಂತೆ’ ಎಂದು ದೀಪು ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಅವನನ್ನು ಹಿಂದಿನ ಮನೆಗೆ ಕರೆದುಕೊಂಡು ಹೋದ.

ಕೃಷ್ಣಮ್ಮ ನಡುಮನೆಯ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ಒಂದೂವರೆ ತಿಂಗಳ ಹಿಂದೆ ಹೊಟ್ಟೆಯ ಹರ್ನಿಯಾ ಆಪರೇಷನ್ ಆಗಿತ್ತು. ಗಾಯ ಒಣಗಲು ಶಕ್ತಿ ಬೇಕು, ಗ್ಲುಟಮಿನ್ ಕೊಡಿ ಎಂದು ಆಸ್ಪತ್ರೆಯ ಆಹಾರತಜ್ಞೆ ಹೇಳಿದ್ದಳಂತೆ. ಮನೆಯಲ್ಲೇ ಡ್ರಮ್ಮಿರುವಾಗ ಹೊರಗೇಕೆ ಎಂದು ದೀಪು ದಿನಕ್ಕೆ ಮೂರು ದೊಡ್ಡ ಚಮಚ ಕಲಸಿ ಕೊಟ್ಟ. ಹತ್ತೇ ದಿನಕ್ಕೆ, ಮೊದಲೇ ಸಕ್ಕರೆ ಕಾಯಿಲೆಯಿದ್ದ ಅವಳ ರಕ್ತದ ಸಕ್ಕರೆ ನಾನೂರು ದಾಟಿತು, ಗಾಯ ಬಾಯಿಬಿಟ್ಟಿತು, ಮತ್ತೆ ಆಸ್ಪತ್ರೆ. ಕೊಟ್ರೇಶ ಮಂಚದ ಕಡೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದಳು. ‘ಅಲ್ಲೇ ಬಾಗ್ಲತ್ರ ಕೂತ್ಕಳಪ್ಪ. ಇಲ್ಲಿಗೆ ಬರಬ್ಯಾಡ.’

ಅವನು ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಅಭ್ಯಾಸದಂತೆ ಮುಖಗಳನ್ನು ನೋಡಿದ. ದೀಪು ಕಿಟಕಿಯ ಪಕ್ಕಕ್ಕೇ ಹೋಗಿ ನಿಂತಿದ್ದ, ಟವೆಲನ್ನು ಬಾಯಿಯ ಹತ್ತಿರ ಇಟ್ಟುಕೊಂಡಿದ್ದ, ಮಾತಾಡುವಾಗ ಮಾತ್ರ ತೆಗೆಯುತ್ತಿದ್ದ. ಊದುಬತ್ತಿ ಮೂರು ಉರಿಯುತ್ತಿದ್ದವು, ದೇವರ ಮುಂದಲ್ಲ, ಮಂಚದ ಕಾಲಿನ ಬಳಿ. ಗಾಯದ ವಾಸನೆಯಿರಬೇಕು ಎಂದು ಕೊಟ್ರೇಶ ಲೆಕ್ಕ ಹಾಕಿದ. ಅದನ್ನು ಕೃಷ್ಣಮ್ಮನೂ ನೋಡುತ್ತಿದ್ದಳು. ಮಗನ ಟವೆಲು ಎಷ್ಟು ಸಲ ಮೇಲೆ ಹೋಗುತ್ತದೆ ಎಂಬುದನ್ನು ಅವಳು ಕಾಣದವಳಂತೆ ಎಣಿಸುತ್ತಿದ್ದಳು. ಮುಖ ಓದುವ ವಿದ್ಯೆ ತನಗೊಬ್ಬನಿಗೇ ಬರುತ್ತದೆಂದು ಕೊಟ್ರೇಶ ಭಾವಿಸಿದ್ದ.

‘ನೀನೇ ಹೇಳಣ್ಣ’ ಎಂದ ದೀಪು. ‘ಡಾಕ್ಟ್ರು ಏನೋ ಸ್ವೀಟ್ ತಿಂದವ್ರೆ ಅಂತಾರೆ. ಪೌಡರ್‌ನಲ್ಲಿ ಸಕ್ಕರೆ ಇಲ್ಲ, ನಿನ್ನ ಸೀಲ್ ಐತೆ. ಅಂದ್ಮೇಲೆ ಉಳಿದಿದ್ದೇನು? ಇವಳೇ ಕದ್ದು ತಿಂದವ್ಳೆ. ಒಪ್ಕೊಂಡ್ರೆ ಮುಗೀತು, ನಾನೇನು ಹೊಡೀತೀನಾ?’

‘ತಿಂದಿಲ್ಲ ಅಂದ್ರೆ ತಿಂದಿಲ್ಲ ಕಣ್ಲಾ. ಮುನೇಶ್ವರನ ಮುಂದೆ ಆಣೆ ಆಕ್ತೀನಿ.’

‘ಆಣೆ ಆಕಿದ್ರೆ ಶುಗರ್ ಇಳಿಯಕಿಲ್ಲಮ್ಮೋ.’

‘ನೋಡಪ್ಪ ಕೊಟ್ರೇಶಪ್ಪ, ನಲವತ್ತು ವರ್ಸ ಈ ಮನೆ ಬೀಗದ್ಕೈ ನನ್ನ ಸೊಂಟದಾಗಿತ್ತು. ಈಗ ಅಡುಗೆಮನೆಗೆ ಬೀಗ ಆಕವ್ನೆ. ಯಾರಿಗೆ? ನನಗೆ. ನೀರು ಬೇಕಂದ್ರೂ ಇವನ್ನ ಕೂಗಬೇಕು. ಬಾಡಿಗೆ ಮನೇವ್ರೆಲ್ಲ ನಗ್ತಾವ್ರೆ, ಮುದುಕಿ ಬೆಲ್ಲ ಕದ್ದು ತಿಂತಾಳಂತೆ ಅಂತ.’ ಅವಳು ದಿಂಬಿನ ಹಿಂದಿನಿಂದ ಅರ್ಧ ಖಾಲಿಯಾದ ಡಬ್ಬಿ ತೆಗೆದಳು. ದೀಪು ತೋಳು ಮಡಚಿ ನಗುವ ಚಿತ್ರ. ‘ಇದ್ನ ಇನ್ನೊಂದ್ಸಲ ನೋಡು. ನೀನು ನೋಡಿ ಸರಿ ಐತೆ ಅಂದ್ರೆ ಆಯ್ತು, ನಾನು ಕಳ್ಳಿನೇ ಅಂದ್ಕೊಳ್ಳಿ. ಅಂಗೇ ಸಾಯ್ತೀನಿ.’

‘ಸಂಜೆ ಬಂದು ನೀನೇ ಹೇಳ್ಬಿಡಣ್ಣ, ಸೈಂಟಿಫಿಕ್ ಆಗಿ’ ಎಂದು ದೀಪು ಬಾಗಿಲವರೆಗೂ ಬಂದ. ಹೊರಗಿನ ಗಾಳಿಗೆ ಬಂದೊಡನೆ ಅವನ ಎದೆ ಎರಡಿಂಚು ಉಬ್ಬಿದ್ದನ್ನು ಕೊಟ್ರೇಶ ಗಮನಿಸಿದ.

ದಾಸರಹಳ್ಳಿಯಿಂದ ಪೀಣ್ಯ ಇಂಡಸ್ಟ್ರಿಗೆ ಮೆಟ್ರೋದಲ್ಲಿ ಎರಡೇ ನಿಲ್ದಾಣ. ಐದು ನಿಮಿಷದಲ್ಲಿ ಮನುಷ್ಯ ಎಷ್ಟು ಯೋಚಿಸಬಹುದೋ ಅಷ್ಟನ್ನೂ ಅವನು ಯೋಚಿಸಿದ. ಪುಡಿ ಸರಿಯಾಗಿಯೇ ಇರಬೇಕು. ಪರೀಕ್ಷೆಯ ಕಾಗದ ನೀಲಿಯಾಗಿತ್ತಲ್ಲ. ಮುದುಕರು ಕದ್ದು ತಿನ್ನುವುದು ಹೊಸದೇನಲ್ಲ. ಕೊಟ್ಟೂರಿನಲ್ಲಿ ಅವನ ಸ್ವಂತ ಅಜ್ಜಿ ಮುದುಕವ್ವ ಸೀರೆಯ ಸೆರಗಿನಲ್ಲಿ ಬೆಲ್ಲದ ಅಚ್ಚು ಕಟ್ಟಿಕೊಂಡು, ಇರುವೆ ಸಾಲು ಹಿಂದೆ ಬರುತ್ತಿದ್ದರೂ ನನಗೇನೂ ಗೊತ್ತಿಲ್ಲ ಎಂದು ಕೂತಿರುತ್ತಿದ್ದಳು. ಆದರೆ ಮುದುಕವ್ವ ಸುಳ್ಳು ಹೇಳುವಾಗ ಕಣ್ಣಿನಲ್ಲಿ ನಗು ಇರುತ್ತಿತ್ತು. ಕೃಷ್ಣಮ್ಮನ ಕಣ್ಣಿನಲ್ಲಿ ಇರಲಿಲ್ಲ. ಎದುರು ಕೂತಿದ್ದ ಹುಡುಗಿಯೊಬ್ಬಳು ತಟ್ಟನೆ ಮೂಗು ಮುಚ್ಚಿಕೊಂಡಳು. ಕೊಟ್ರೇಶನೂ ಮುಚ್ಚಿಕೊಂಡ. ಯಾವುದರ ವಾಸನೆಯೆಂದು ಗೊತ್ತಿಲ್ಲ, ಆದರೆ ಎಲ್ಲರೂ ಮುಚ್ಚಿಕೊಳ್ಳುವಾಗ ಮುಚ್ಚಿಕೊಳ್ಳದವನು ತಾನೇ ಅದಕ್ಕೆ ಕಾರಣ ಎನಿಸಿಕೊಳ್ಳುತ್ತಾನೆ ಎಂಬ ಪಾಠವನ್ನು ಬಸ್ಸೊಂದರಲ್ಲಿ ಅವಮಾನಪಟ್ಟು ಕಲಿತಿದ್ದ.

ಲ್ಯಾಬಿನಲ್ಲಿ ಗೌರಮ್ಮ ಒಬ್ಬಳೇ ಇದ್ದಳು. ಗಾಜಿನ ಸಾಮಾನು ತೊಳೆಯುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅದೇ ಸಿಂಕಿನ ಮುಂದೆ ಅದೇ ಸ್ಟೂಲು. ರಾಮಪ್ರಸಾದರು ಹನ್ನೊಂದಕ್ಕೆ ಬರುತ್ತಾರೆ. ಅಷ್ಟರಲ್ಲಿ ಮುಗಿಸಿಬಿಡೋಣವೆಂದು ಕೊಟ್ರೇಶ ಬರ್ನರ್ ಹೊತ್ತಿಸಿದ. ಇದೇನೂ ದೊಡ್ಡ ಪರೀಕ್ಷೆಯಲ್ಲ. ಎಷ್ಟು ಇದೆ ಎಂದು ಅಳೆಯುವ ಯಂತ್ರ ಇಲ್ಲಿಲ್ಲ. ಹೇಳಿದ ವಸ್ತು ಇದೆಯೋ ಇಲ್ಲವೋ ಎಂದಷ್ಟೇ ಇಲ್ಲಿ ಹೇಳುತ್ತಾರೆ. ಚಿಟಿಕೆ ಪುಡಿಯನ್ನು ಗಾಜಿನ ಕೊಳವೆಗೆ ಹಾಕಿ, ಕಾಸ್ಟಿಕ್ ಸೋಡದ ಗಟ್ಟಿ ದ್ರಾವಣ ಸುರಿದು ಕಾಯಿಸಬೇಕು. ಒಳಗಿರುವುದು ಗ್ಲುಟಮಿನ್ ಆಗಿದ್ದರೆ ಕ್ಷಾರ ಅದರ ಮೈಯಿಂದ ಒಂದು ತುಂಡನ್ನು ಕಿತ್ತು ಅಮೋನಿಯ ಮಾಡಿ ಆಚೆ ಕಳಿಸುತ್ತದೆ. ಆ ಹಬೆ ಒದ್ದೆಯಾದ ಕೆಂಪು ಲಿಟ್ಮಸ್ ಕಾಗದವನ್ನು ನೀಲಿ ಮಾಡುತ್ತದೆ. ಮೂಗಿಗೂ ತಿಳಿಯುತ್ತದೆ. ರಿಜಿಸ್ಟರಿನಲ್ಲಿ ಎರಡು ಕಲಂ: ಲಿಟ್ಮಸ್, ವಾಸನೆ. ನಾಲ್ಕು ವರ್ಷದಿಂದ ಅವನು ಮೊದಲನೆಯದನ್ನು ನೋಡಿ ಎರಡನೆಯದನ್ನು ಬರೆಯುತ್ತಿದ್ದ. ನೀಲಿಯಾದರೆ ‘ಇದೆ’. ಕೆಲವೊಮ್ಮೆ ಹಬೆಯ ಕಡೆಗೆ ಕೈ ಬೀಸಿಕೊಂಡಾಗ ಕಣ್ಣಿನ ಮೂಲೆಯಲ್ಲಿ ಏನೋ ಚುರುಕ್ ಎಂದಂತಾಗುತ್ತಿತ್ತು. ಅದು ಅಮೋನಿಯವೋ ಆಸೆಯೋ ಅವನು ವಿಚಾರಿಸಲು ಹೋಗಿರಲಿಲ್ಲ.

ಕೊಳವೆ ಕುದಿಯಿತು. ದ್ರಾವಣ ಎಂದಿನಂತೆ ಒಮ್ಮೆ ಕುಣಿದು ಮೇಲಕ್ಕೆ ಎಗರಿತು. ಕೊಳವೆಯ ಬಾಯಿಯ ಮೇಲೆ ಅಡ್ಡ ಮಲಗಿಸಿದ್ದ ಕಾಗದ ನೀಲಿಯಾಯಿತು.

ಅವನು ಉಸಿರು ಬಿಟ್ಟ. ಪುಡಿ ಸರಿಯಿದೆ. ಕೃಷ್ಣಮ್ಮ ಬೆಲ್ಲ ತಿಂದಿದ್ದಾಳೆ. ಸಂಜೆ ಹೋಗಿ ಮೆದುವಾಗಿ ಹೇಳಬೇಕು, ಅಮ್ಮ, ವಯಸ್ಸಾದವರಿಗೆ ಆಸೆ ಸಹಜ, ಇತ್ಯಾದಿ. ಆ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸುತ್ತಿರುವಾಗಲೇ ಅವನ ಕಣ್ಣು ಕಾಗದದ ಮೇಲೆ ನಿಂತಿತು. ಹಬೆಯಿಂದ ನೀಲಿಯಾದರೆ ಮೋಡ ಕವಿದ ಹಾಗೆ ಇಡೀ ಕಾಗದ ನಿಧಾನವಾಗಿ ಬಣ್ಣ ತಿರುಗಬೇಕು. ಇದರ ಮೇಲಿದ್ದದ್ದು ಕೊಳವೆಯ ಬಾಯಿಯ ಅಳತೆಯ ಒಂದು ದುಂಡು ಬಳೆ, ಮತ್ತು ನಡುವೆ ನಾಲ್ಕಾರು ಚುಕ್ಕೆ. ಎಷ್ಟು ದಿನದಿಂದ ಹೀಗೆ ಬಳೆ ಬರುತ್ತಿದೆ? ನೆನಪಿಸಿಕೊಂಡ. ಯಾವಾಗಲೂ ಬಳೆಯೇ. ಯಾವಾಗಲೂ ಚುಕ್ಕೆಯೇ. ಇನ್ನೊಂದು ಕೊಳವೆ ತೆಗೆದುಕೊಂಡು ಪುಡಿಯನ್ನೇ ಹಾಕದೆ ಬರೀ ಕಾಸ್ಟಿಕ್ ಸುರಿದು ಕಾಯಿಸಿದ. ಕಾಗದ ಅಡ್ಡ ಮಲಗಿಸಿದ. ದ್ರಾವಣ ಎಗರಿತು. ದುಂಡು ಬಳೆ. ನಾಲ್ಕಾರು ಚುಕ್ಕೆ. ಅದೇ ಸುಂದರವಾದ ನೀಲಿ.

ಕೆಲಸಕ್ಕೆ ಸೇರಿದ ಮೊದಲ ವಾರ ರಾಮಪ್ರಸಾದರು ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದರು. ಕೊಳವೆಯ ಬಾಯಿಗೆ ಸ್ವಲ್ಪ ಹತ್ತಿ ಇಡು, ಕಾಸ್ಟಿಕ್ ಹನಿ ಮೇಲೆ ಎಗರಬಾರದು. ಕಾಗದವನ್ನು ಚಿಮಟದಲ್ಲಿ ಹಿಡಿ, ಅರ್ಧ ಇಂಚು ಮೇಲೆ. ‘ತಾಕಿಸಿದ್ಯೋ, ಕಾಸ್ಟಿಕ್ಕೇ ಕಾಗದಕ್ಕೆ ನೀಲಿ ಬಳೀತದೆ. ಆಗ ನೀನು ಮಣ್ಣು ಹಾಕಿದ್ರೂ ಪಾಸು, ಮರಳು ಹಾಕಿದ್ರೂ ಪಾಸು.’ ಮೊದಲ ವರ್ಷಗಳಲ್ಲಿ ಅವನು ಚಿಮಟ ಹಿಡಿಯುತ್ತಿದ್ದ. ಆಮೇಲೆ ದಿನಕ್ಕೆ ಹದಿನೈದಿಪ್ಪತ್ತು ಸ್ಯಾಂಪಲ್ಲು, ಕೈ ಸೋಲುತ್ತಿತ್ತು, ಹತ್ತಿ ಮುಗಿದಿರುತ್ತಿತ್ತು, ಕಾಗದವನ್ನು ಮಲಗಿಸಿಬಿಡುತ್ತಿದ್ದ. ಆಗ ಪರವಾಗಿರಲಿಲ್ಲ, ಮೂಗಿತ್ತು. ಅಮೋನಿಯ ಬಂದರೆ ಮೂಗೇ ಹೇಳುತ್ತಿತ್ತು, ಕಾಗದ ನೆಪಮಾತ್ರ. ಮೂಗು ಹೋದ ಮೇಲೆ ಉಳಿದದ್ದು ಒಂದೇ ಸಾಕ್ಷಿ. ಆ ಸಾಕ್ಷಿ ಏನು ಕೇಳಿದರೂ ಹೌದು ಎನ್ನುವಂಥದು. ನಾಲ್ಕು ವರ್ಷ ಅವನು ಅದರ ತಲೆಯಾಡಿಕೆಯನ್ನು ನಂಬಿ ಸಹಿ ಹಾಕಿದ್ದ.

ಹತ್ತಿ ಹುಡುಕಿದ. ಇರಲಿಲ್ಲ. ಗೌರಮ್ಮ ತನ್ನ ಚೀಲದಿಂದ ದೀಪದ ಬತ್ತಿಗೆಂದು ತಂದಿದ್ದ ಹತ್ತಿಯನ್ನು ಏನೂ ಕೇಳದೆ ಕಿತ್ತು ಕೊಟ್ಟಳು. ಎರಡು ಕೊಳವೆ. ಒಂದರಲ್ಲಿ ಫ್ರಿಜ್ಜಿನಲ್ಲಿಟ್ಟಿದ್ದ ಶುದ್ಧ ಗ್ಲುಟಮಿನ್, ಇನ್ನೊಂದರಲ್ಲಿ ಕೃಷ್ಣಮ್ಮ ಕೊಟ್ಟದ್ದು. ಮೊದಲನೆಯದನ್ನು ಕಾಯಿಸಿ ಚಿಮಟದಲ್ಲಿ ಕಾಗದ ಹಿಡಿದ. ಅರ್ಧ ನಿಮಿಷವೂ ಆಗಲಿಲ್ಲ, ಕಾಗದದ ಅಂಚಿನಿಂದ ನೀಲಿ ಕವಿಯತೊಡಗಿತು. ಎರಡನೆಯದು ಕಾಯಿತು, ಕುದಿಯಿತು, ಕಿತ್ತಳೆ ಬಣ್ಣ ಕಂದು ಬಣ್ಣಕ್ಕೆ ತಿರುಗಿ ಕಾಕಂಬಿಯಾಯಿತು. ಈ ಕಂದು ಬಣ್ಣವನ್ನೂ ಅವನು ಮೊದಲು ನೋಡಿದ್ದ; ಕೃತಕ ಬಣ್ಣ ಕ್ಷಾರಕ್ಕೆ ತಿರುಗುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದ. ಕಾಗದ ಕೆಂಪಾಗಿಯೇ ಇತ್ತು. ಒಂದು ನಿಮಿಷ. ಎರಡು ನಿಮಿಷ. ಕೆಂಪು, ಹಟ ಹಿಡಿದ ಕೆಂಪು.

‘ಗೌರಮ್ಮ’ ಎಂದ. ನಾಲ್ಕು ವರ್ಷದಲ್ಲಿ ಮೊದಲ ಸಲ ಯಾರನ್ನೋ ನೇರವಾಗಿ ಕೇಳುತ್ತಿದ್ದ. ಬರ್ನರ್‌ನ ನೆಪ ಇರಲಿಲ್ಲ. ‘ಇವೆರಡರ ವಾಸನೆ ನೋಡ್ತೀರಾ? ಹತ್ರ ಹಿಡೀಬೇಡಿ, ಕೈಲಿ ಬೀಸ್ಕೊಳ್ಳಿ.’

ಗೌರಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದಳು. ಮೊದಲನೆಯದಕ್ಕೆ ತಲೆ ಹಿಂದಕ್ಕೆಳೆದುಕೊಂಡಳು. ‘ಥೂ. ಬಸ್‌ಸ್ಟ್ಯಾಂಡ್ ಗೋಡೆ.’ ಎರಡನೆಯದಕ್ಕೆ ಅವಳ ಮುಖ ಮೆತ್ತಗಾಯಿತು. ‘ಇದು ಪಾಕ ಸಾರ್. ತಳ ಹತ್ತಿದ ಬೆಲ್ಲದ ಪಾಕ. ಗೋಡೆ ವಾಸ್ನೆ ಒಂಚೂರೂ ಇಲ್ಲ.’ ಆಮೇಲೆ ಸಿಂಕಿನ ಕಡೆ ತಿರುಗುತ್ತಲೇ ಅಂದಳು, ‘ಕೇಳ್ತೀರಾ ಅಂತ ಕಾಯ್ತಿದ್ದೆ.’

‘ಏನನ್ನ?’

‘ಹೋದ ವರ್ಷ ನಿಮ್ಮ ಟೇಬಲ್ ಕೆಳಗೆ ಇಲಿ ಸತ್ತಿತ್ತಲ್ಲ ಸಾರ್. ನಾವೆಲ್ಲ ಈ ಕಡೆ ಬರಕ್ಕೇ ಆಗ್ತಿರ್ಲಿಲ್ಲ. ನೀವು ಮೂರು ದಿನ ಅದರ ಮೇಲೇ ಕೂತ್ಕೊಂಡು ಚಿತ್ರಾನ್ನ ತಿಂದ್ರಿ. ನಾಲ್ಕನೇ ದಿನ ನೀವು ಟೀಗೆ ಹೋದಾಗ ನಾನೇ ಎತ್ತಿ ಬಿಸಾಕ್ದೆ.’

‘ಯಾಕೆ ಹೇಳಲಿಲ್ಲ?’

‘ನೀವು ಹೇಳ್ಳಿಲ್ವಲ್ಲ’ ಎಂದಳು ಗೌರಮ್ಮ. ‘ಅದಕ್ಕೆ ನಾನೂ ಸುಮ್ಕಾದೆ.’

ಅವನಿಗೆ ನಗು ಬಂತು. ನಗು ಬಂದದ್ದಕ್ಕೆ ನಾಚಿಕೆಯೂ ಆಯಿತು. ಇಲಿಯ ಮೇಲೆ ಕೂತು ಚಿತ್ರಾನ್ನ ತಿಂದ ಆ ಮೂರು ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಯಾರೂ ಬಂದು ತೊಂದರೆ ಕೊಡದೆ, ಬಹಳ ಶಾಂತವಾಗಿದ್ದ ಮೂರು ದಿನ ಎಂದು ನೆನಪಿತ್ತು. ಸ್ಟೂಲಿನ ಮೇಲೆ ಕೂತು ಗೋಡೆ ಗಡಿಯಾರ ನೋಡಿದ. ಹತ್ತೂ ಮುಕ್ಕಾಲು. ಈಗಲೂ ಒಂದು ದಾರಿ ಇದೆ ಎಂದು ಮನಸ್ಸು ತಣ್ಣಗೆ ಹೇಳಿತು. ಡ್ರಮ್ಮಿನ ಪುಡಿ ಆಮೇಲೆ ಕಲಬೆರಕೆ ಆಗಿರಬಹುದು, ನಾವು ನೋಡಿದ ಚಮಚ ಸರಿಯಿತ್ತು ಎನ್ನಬಹುದು. ಕೃಷ್ಣಮ್ಮನೂ ಉಳಿಯುತ್ತಾಳೆ, ಇಂಗಿನಿಂದ ಶುರುವಾದ ಮೂಗೂ ಉಳಿಯುತ್ತದೆ. ಆ ದಾರಿ ಎಷ್ಟು ನುಣುಪಾಗಿತ್ತೆಂದರೆ ಅವನು ಅದರ ಮೇಲೆ ಅರ್ಧ ದೂರ ಹೋಗಿಯೂ ಆಗಿತ್ತು. ಆದರೆ ಕಪಾಟಿನಲ್ಲಿ ಈ ವಾರದ ಇನ್ನೂ ಆರು ಸ್ಯಾಂಪಲ್ಲುಗಳಿದ್ದವು, ಆರು ಬಳೆಗಳು. ಆರು ಕಡೆ ಯಾರೋ ಮೂರು ಮೂರು ಚಮಚ ಕಲಸುತ್ತಿದ್ದರು. ಆ ಮನೆಗಳಲ್ಲಿ ಯಾರ ಅಡುಗೆಮನೆಗೆ ಬೀಗ ಬೀಳುತ್ತಿತ್ತೋ ಅವನಿಗೆ ಗೊತ್ತಿರಲಿಲ್ಲ.

ರಾಮಪ್ರಸಾದರು ಬಂದು, ಛತ್ರಿ ಮೂಲೆಗಿಟ್ಟು, ಕುರ್ಚಿಯಲ್ಲಿ ಕೂರುವ ಮೊದಲೇ ಅವನು ಹೇಳಿಬಿಟ್ಟ. ಎಲ್ಲವನ್ನೂ, ತಿರುಗುಮುರುಗಾಗಿ: ಮೊದಲು ಕೃಷ್ಣಮ್ಮ, ಆಮೇಲೆ ಬಳೆ, ಆಮೇಲೆ ಮೂಗು, ಕೊನೆಗೆ ಇಂಗು. ಇಂಗು ಎಂದಾಗ ಅವರ ಮುಖದಲ್ಲಿ ಏನೋ ಕುಸಿಯಿತು. ಕುರ್ಚಿ ಎಳೆದು ಕೂತರು. ಸಿಂಕಿನಲ್ಲಿ ನೀರಿನ ಸದ್ದೂ ನಿಂತಿತ್ತು.

‘ಕಾಗದ ಬಾಯಿಗೆ ತಾಕಿಸಿದ್ಯಾ?’ ಎಂದರು ಕೊನೆಗೆ.

‘ಹೌದು ಸಾರ್.’

‘ನಾಲ್ಕು ವರ್ಷ?’

‘ಅದಕ್ಕೂ ಮೊದಲಿಂದ ಸಾರ್. ಮೊದಲು ಮೂಗಿತ್ತು.’

‘ಮೂಗು ಹೋಗೋದು ಯಾರ ಕೈಲೂ ಇಲ್ಲಯ್ಯ. ಕಾಗದ ನಿನ್ನ ಕೈಲಿತ್ತು.’ ಅವರು ಗಟ್ಟಿಯಾಗಿ ಹೇಳಲಿಲ್ಲ. ಗಟ್ಟಿಯಾಗಿ ಹೇಳಿದ್ದರೆ ಚೆನ್ನಾಗಿತ್ತು. ರಿಜಿಸ್ಟರನ್ನು ಎಳೆದುಕೊಂಡು, ಬೆರಳಿಗೆ ಉಗುಳು ಹಚ್ಚಿ ಹಿಂದಕ್ಕೆ ಹಿಂದಕ್ಕೆ ಮಗುಚುತ್ತ, ತಮಗೇ ಹೇಳಿಕೊಳ್ಳುವವರಂತೆ ಅಂದರು, ‘ಎಲ್ಲಾ ವಾಪಸ್ ತರಿಸ್ಬೇಕು. ಎಲ್ಲರಿಗೂ ಫೋನ್ ಮಾಡ್ಬೇಕು. ಏನಂತ ಮಾಡ್ಲಿ? ನಮ್ಮ ಹುಡುಗನ ಮೂಗು ಅಂತಲಾ?’ ‘ನಾಳೆ ಬೆಳಿಗ್ಗೆ ಬಾ. ಮಾತಾಡೋಣ. ಇವತ್ತು ಇದೊಂದು ಸ್ಯಾಂಪಲ್ ಬರೆದು ಹೋಗು.’

ಅವನು ಬರೆದ. ಲಿಟ್ಮಸ್: ಕೆಂಪಾಗಿಯೇ ಉಳಿದಿದೆ. ವಾಸನೆಯ ಕಲಮಿನಲ್ಲಿ ಪೆನ್ನು ನಿಂತಿತು. ‘ಸುಟ್ಟ ಬೆಲ್ಲ’ ಎಂದು ಬರೆದು, ‘ನೋಡಿದವರು: ಗೌರಮ್ಮ’ ಎಂದು ಸೇರಿಸಿದ. ಗೌರಮ್ಮ ಒದ್ದೆ ಬೆರಳನ್ನು ಒರೆಸಿಕೊಂಡು, ಶಾಲೆಯ ಕಾಪಿ ಪುಸ್ತಕದಲ್ಲಿ ಬರೆಯುವವಳಂತೆ ಒಂದೊಂದೇ ಅಕ್ಷರ ಕೂರಿಸಿ ಸಹಿ ಹಾಕಿದಳು. ರಾಮಪ್ರಸಾದರು ಬೇಡ ಎನ್ನಲಿಲ್ಲ. ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು, ಲೇತ್ ಯಂತ್ರಗಳ ಕೀರಲು ಸದ್ದು, ಬಾಗಿಲಲ್ಲಿ ಟೀ ಹಿಡಿದು ನಿಂತ ಕೆಲಸಗಾರರು. ನಾಳೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೂ, ಟೀ ಅಂಗಡಿಯವನು ‘ಶುಂಠಿ ಸ್ಟ್ರಾಂಗ್ ಆಯ್ತಾ ಸಾರ್?’ ಎಂದು ಕೇಳಿದಾಗ ‘ಗೊತ್ತಾಗಲ್ಲಪ್ಪ, ನನಗೆ ವಾಸನೆ ಇಲ್ಲ’ ಎಂದು ಸುಮ್ಮನೆ ಹೇಳಿ ನೋಡಿದ. ‘ಓ, ಹೌದಾ ಸಾರ್’ ಎಂದು ಅವನು ಮುಂದಿನ ಲೋಟಕ್ಕೆ ಸುರಿದ. ಇಷ್ಟೇನಾ ಎಂದು ಕೊಟ್ರೇಶನಿಗೆ ಸಣ್ಣ ನಿರಾಸೆಯೇ ಆಯಿತು.

ಸಂಜೆ ಆರಕ್ಕೆ ಅವನು ಹಿಂದಿನ ಮನೆಯ ಬಾಗಿಲಲ್ಲಿ ನಿಂತಾಗ ದೀಪು ಗೆದ್ದವನ ಉತ್ಸಾಹದಲ್ಲಿ ಎದುರುಗೊಂಡ. ‘ಬಾ ಗುರು, ಹೇಳ್ಬಿಡು ಇವಳಿಗೆ.’ ಕೃಷ್ಣಮ್ಮ ಬೆಳಿಗ್ಗೆ ಕೂತ ಹಾಗೆಯೇ ಕೂತಿದ್ದಳು. ಮಂಚದ ಕಾಲಿನ ಬಳಿ ಹೊಸ ಊದುಬತ್ತಿಗಳು.

‘ಪುಡಿಯಲ್ಲಿ ಗ್ಲುಟಮಿನ್ ಇಲ್ಲ’ ಎಂದ ಕೊಟ್ರೇಶ ನಿಂತಲ್ಲೇ. ‘ಬರೀ ಸಕ್ಕರೆ ಜಾತಿಯ ಪುಡಿ, ಹೊಟ್ಟೆಗೆ ಹೋದ್ರೆ ಸಕ್ಕರೆನೇ. ಅಮ್ಮ ಏನೂ ಕದ್ದು ತಿಂದಿಲ್ಲ. ನೀನೇ ದಿನಾ ಕಲಸಿ ಕೊಟ್ಟಿದ್ದೀಯ. ನಾನು ಸರಿಯಿದೆ ಅಂತ ಬರೆದುಕೊಟ್ಟಿದ್ದೆ.’

ದೀಪುವಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ‘ಮತ್ತೆ ಸೀಲು?’

‘ತಪ್ಪು. ನಾನು ನೋಡಿದ ರೀತಿನೇ ತಪ್ಪು. ವಾಸನೆ ನೋಡಿ ಹೇಳಬೇಕಿತ್ತು. ನನಗೆ ವಾಸನೆ ಗೊತ್ತಾಗಲ್ಲ ದೀಪು. ಕೊರೋನಾದಲ್ಲಿ ಹೋಗಿದ್ದು ಬರಲೇ ಇಲ್ಲ. ಯಾರಿಗೂ ಹೇಳಿರಲಿಲ್ಲ.’

‘ಲೇ ಗುರು, ಏನ್ ಮಾತಾಡ್ತಿದ್ದೀಯ ನೀನು? ಐವತ್ತು ಜನ ಹುಡುಗ್ರು ಕುಡೀತಾವ್ರೆ ಅದನ್ನ. ಅದಕ್ಕೆ ಹೂವು ಹಾಕಿದ್ನಲ್ಲಣ್ಣ ನಾನು’ ಎಂದು ದೀಪು ಕೈ ಮೇಲೆತ್ತಿದ. ಹೊಡೆಯುತ್ತಾನೆ ಎಂದುಕೊಂಡ ಕೊಟ್ರೇಶ. ಹೊಡೆಯಲಿ ಎಂದೂ ಅನ್ನಿಸಿತು. ಆದರೆ ಆ ಕೈ ತಲೆಯ ಹಿಂದಕ್ಕೆ ಹೋಗಿ ಅಲ್ಲೇ ಕೂದಲು ಹಿಡಿದುಕೊಂಡಿತು. ತಾಯಿಯ ಕಡೆ ನೋಡಲಾಗದೆ ದೀಪು ನೆಲ ನೋಡಿದ. ಆಮೇಲೆ ಚಡ್ಡಿಯ ಜೇಬಿನಿಂದ ಬೀಗದಕೈ ತೆಗೆದು, ಮಂಚದ ಅಂಚಿನಲ್ಲಿಟ್ಟು, ಸರಸರನೆ ಜಿಮ್ಮಿನ ಕಡೆ ಹೋದ. ಗೋಡೆಯಿಂದ ಏನನ್ನೋ ಕಿತ್ತ ಸದ್ದು ಕೇಳಿಸಿತು.

ಕೊಟ್ರೇಶ ತಿರುಗಿದರೆ ಬಾಗಿಲಲ್ಲಿ ಶೋಭಾರಾಣಿ ನಿಂತಿದ್ದಳು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಚೀಲ. ಎಷ್ಟು ಹೊತ್ತಿನಿಂದಲೋ. ಅವಳು ಅವನನ್ನು, ಅಳೆದು ತಂದ ಬಟ್ಟೆಯಲ್ಲಿ ತೂತು ಕಂಡವಳಂತೆ, ಉದ್ದಕ್ಕೂ ನೋಡಿದಳು.

‘ಹಂಗಾದ್ರೆ ಬರ್ನರ್ ಸರಿಯಾಗೇ ಇದೆ’ ಎಂದಳು.

ಅವನು ಹೂಂ ಎಂದ. ಅವಳ ತುಟಿಯ ಮೂಲೆ ಅಲುಗಿತು. ಅದು ಸಿಟ್ಟೋ ನಗುವೋ ಓದಲು ಅವನಿಗೆ ಬರಲಿಲ್ಲ. ಹೊಳ್ಳೆಗಳನ್ನಷ್ಟೇ ಅವನು ಕಲಿತದ್ದು.

ಕೃಷ್ಣಮ್ಮ ಬೀಗದಕೈಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿಲ್ಲ. ಅದು ಇಟ್ಟಲ್ಲೇ ಇತ್ತು. ಅವಳು ಕೊಟ್ರೇಶನನ್ನೇ ನೋಡುತ್ತಿದ್ದಳು. ಬೈಗುಳಕ್ಕೆ ಅವನು ಸಿದ್ಧನಾಗಿದ್ದ. ಈ ಗಾಯ ಬಾಯಿಬಿಟ್ಟದ್ದು ನಿನ್ನಿಂದ ಎಂದು ಅವಳು ಹೇಳಬೇಕಿತ್ತು, ಹೇಳಿದರೆ ತಲೆ ತಗ್ಗಿಸಿ ನಿಲ್ಲಲು ಜಾಗವನ್ನೂ ಅವನು ಆರಿಸಿಟ್ಟುಕೊಂಡಿದ್ದ.

‘ಏನೂ ಗೊತ್ತಾಗಕಿಲ್ವಾ ನಿಂಗೆ?’ ಎಂದು ಕೇಳಿದಳು. ದನಿ ಬಹಳ ತಗ್ಗಿತ್ತು.

‘ಇಲ್ಲಮ್ಮ.’

‘ಈ ರೂಮ್ನಾಗೂ? ಈಗ್ಲೂ?’

‘ಏನೂ ಇಲ್ಲಮ್ಮ.’

ಅವಳು ಇನ್ನೂ ಒಂದು ಗಳಿಗೆ ಅವನ ಮುಖವನ್ನು ಹುಡುಕಿದಳು, ಮೂಗು, ಹುಬ್ಬು, ತುಟಿ, ಒಂದೊಂದನ್ನೇ. ಆಮೇಲೆ ಹೊಟ್ಟೆಯನ್ನು ಒಂದು ಕೈಯಿಂದ ಒತ್ತಿ ಹಿಡಿದು, ನೋವಿಗೆ ಹಲ್ಲು ಕಚ್ಚಿ, ಕಾಲುಗಳನ್ನು ಗೋಡೆಯ ಕಡೆಗೆ ಸರಿಸಿಕೊಂಡಳು. ಮಂಚದ ಮೇಲೆ ಒಬ್ಬ ಕೂರುವಷ್ಟು ಜಾಗವಾಯಿತು. ಹೊದಿಕೆಯ ಸುಕ್ಕನ್ನು ಅಂಗೈಯಿಂದ ನೇವರಿಸಿದಳು.

‘ಅಂಗಾದ್ರೆ ಇಲ್ಲಿ ಬಾ. ಇಲ್ಲಿ ಕೂತ್ಕ.’

ಕೊಟ್ರೇಶ ಹೋಗಿ ಕೂತ. ಅವಳ ಮೊಣಕಾಲು ಅವನ ಬೆನ್ನಿಗೆ ತಾಗುತ್ತಿತ್ತು, ಬಿಸಿಯಾಗಿತ್ತು. ಅಭ್ಯಾಸ ಬಿಡಲಾರದೆ ಅವನ ಕಣ್ಣು ಬಾಗಿಲಲ್ಲಿದ್ದ ಶೋಭಾಳ ಮುಖದ ಕಡೆಗೆ ಹೊರಟಿತ್ತು. ಅರ್ಧದಲ್ಲೇ ತಡೆದು ಹಿಂದಕ್ಕೆ ತಂದುಕೊಂಡ. ಊದುಬತ್ತಿಯ ಹೊಗೆ ನೇರವಾಗಿ ಮೇಲೇರಿ ಫ್ಯಾನಿನ ಕೆಳಗೆ ಚದುರುತ್ತಿತ್ತು. ಕೃಷ್ಣಮ್ಮ ಬಗ್ಗಿ ಕೈಚಾಚಿದಳು, ಕೈಗೆ ಎಟಕಲಿಲ್ಲ.

‘ಅದನ್ನ ಆರ್ಸಪ್ಪ’ ಎಂದಳು. ‘ಕಣ್ಣು ಉರೀತದೆ.’